ರಾಜ ಮರಿ ಹಾಕಿದ ಮೇಲೆ

ಮೈಸೂರಿನಲ್ಲಿ ಹೆಸರಿಗೂ ಲಿಂಗಕ್ಕೂ ತಾಳೆಯಾಗದ ಬೆಕ್ಕುಗಳು ಬೇಕಾದಷ್ಟಿವೆ. ‘ರಾಜ’ ಎಂದು ಕರೆಸಿಕೊಂಡು ಬೆಳೆದದ್ದು ಒಂದು ಬೆಳಗ್ಗೆ ಅಕ್ಕಿ ಡಬ್ಬದ ಹಿಂದೆ ನಾಲ್ಕು ಮರಿ ಹಾಕಿಕೊಂಡು ಮಲಗಿರುತ್ತದೆ. ‘ಪುಟ್ಟಿ’ ಎಂಟನೇ ತಿಂಗಳಿಗೆ ಸೋಫಾದ ಮೂಲೆಗೆ ಬೆನ್ನು ತಿರುಗಿಸಿ, ಬಾಲ ಅದುರಿಸುತ್ತ, ಮನೆಯೆಲ್ಲ ನಾರುವ ಹಾಗೆ ಉಚ್ಚೆ ಚಿಮ್ಮಿಸುತ್ತದೆ. ಕೆಲವು ಮನೆಗಳವರು ಹೆಸರು ತಿದ್ದುವ ಗೋಜಿಗೇ ಹೋಗುವುದಿಲ್ಲ. ರಾಜ ರಾಜನಾಗಿಯೇ ಉಳಿದು ಬಾಣಂತನ ಮಾಡಿಸಿಕೊಳ್ಳುತ್ತಾನೆ.

ಕೃಷ್ಣರಾಜ ಮೊಹಲ್ಲಾ, ಅಗ್ರಹಾರದ ಹಳೆಯ ಹೆಂಚಿನ ಮನೆಗಳಲ್ಲಿ ಬೆಕ್ಕು ಮರಿ ಹಾಕುವುದು ಅಟ್ಟದ ಮೇಲೆ. ಕುವೆಂಪುನಗರ, ರಾಮಕೃಷ್ಣನಗರದ ಆರ್‌ಸಿಸಿ ಮನೆಗಳಲ್ಲಿ ಸಜ್ಜೆಯ ಮೇಲೆ, ಸೋಲಾರ್ ಹೀಟರಿನ ಕೆಳಗೆ, ಇಲ್ಲವೇ ಹಳೇ ಪೇಪರಿನ ರಾಶಿಯ ನಡುವೆ. ಮರಿಗಳು ಕಣ್ಣು ಬಿಟ್ಟು ತೆವಳತೊಡಗಿದ ದಿನ ಅಕ್ಕಪಕ್ಕದವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಗಂಡೋ ಹೆಣ್ಣೋ? ಗಂಡಾದ್ರೆ ನಮ್ಗೊಂದು ಕೊಡಿ.’ ಕೇಳುವವರಿಗೆ ಬೇಕಾಗಿರುವುದು ಮರಿಯ ಲಿಂಗವಲ್ಲ. ಈ ಮರಿ ನಾಳೆ ನಮ್ಮ ಮನೆಯಲ್ಲಿ ಮರಿ ಹಾಕುತ್ತದೆಯೇ ಎಂಬುದಷ್ಟೇ ಅವರ ಚಿಂತೆ. ಅದಕ್ಕೆ ಉತ್ತರ ಮರಿಯ ಬಾಲದ ಕೆಳಗೆ ಅರ್ಧ ಮಾತ್ರ ಇದೆ. ಉಳಿದರ್ಧ ಪಶುವೈದ್ಯರ ಮೇಜಿನ ಮೇಲಿದೆ, ಅದೂ ನಾವು ಸಾಮಾನ್ಯವಾಗಿ ಅಂದುಕೊಂಡಿರುವುದಕ್ಕಿಂತ ಬೇಗ.

ಬಾಲ ಎತ್ತಿ ನೋಡುವ ವಿದ್ಯೆ

ನಾಯಿಮರಿಯ ವಿಷಯದಲ್ಲಿ ಇಷ್ಟು ಗೊಂದಲವಿಲ್ಲ. ಗಂಡು ನಾಯಿಯ ಅಂಗ ಹೊಟ್ಟೆಯ ಕೆಳಗೆ, ಹೊಕ್ಕುಳಿನ ಹತ್ತಿರ ಇರುವುದರಿಂದ ಮರಿಯನ್ನು ಮಗುಚಿದರೆ ಸಾಕು. ಬೆಕ್ಕಿನಲ್ಲಿ ಹಾಗಲ್ಲ. ಗಂಡಿಗೂ ಹೆಣ್ಣಿಗೂ ಎಲ್ಲವೂ ಬಾಲದ ಬುಡದಲ್ಲೇ ಇದೆ, ಗಂಡಿನ ಅಂಗ ಹಿಂದಕ್ಕೆ ಮುಖ ಮಾಡಿ ಚರ್ಮದೊಳಗೆ ಅಡಗಿರುತ್ತದೆ. ಹೊಟ್ಟೆ ನೋಡಿ ಹೇಳುತ್ತೇವೆ ಎನ್ನುವವರು ಮೊಲೆತೊಟ್ಟು ಕಂಡು ‘ಹೆಣ್ಣು’ ಎಂದುಬಿಡುತ್ತಾರೆ. ತೊಟ್ಟು ಗಂಡಿಗೂ ಇರುತ್ತದೆ, ನಮ್ಮಲ್ಲಿರುವ ಹಾಗೆಯೇ.

ಮರಿಯನ್ನು ಅಂಗೈ ಮೇಲೆ, ಬೆಳಕಿಗೆ ಬೆನ್ನಾಗಿ ನಿಲ್ಲಿಸಿಕೊಂಡು ಬಾಲವನ್ನು ಮೆಲ್ಲಗೆ ಮೇಲಕ್ಕೆ ಎತ್ತಬೇಕು. ಮೊದಲು ಕಾಣುವ ತೂತು ಗುದದ್ವಾರ. ಅದರ ಕೆಳಗಿರುವುದು ಏನು, ಎಷ್ಟು ದೂರದಲ್ಲಿದೆ ಎನ್ನುವುದೇ ಪರೀಕ್ಷೆ. ಗಂಡಾದರೆ ಕೆಳಗಿನದೂ ದುಂಡಗಿನ ಚುಕ್ಕಿ, ಎರಡರ ನಡುವೆ ಒಂದು ಸೆಂಟಿಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಜಾಗ: ನಾವು ಬರೆಯುವ ವಿಸರ್ಗ ಹೇಗಿದೆಯೋ ಹಾಗೆ, ಸ್ವಲ್ಪ ಎಳೆದು ಬರೆದ ವಿಸರ್ಗ. ಆ ಖಾಲಿ ಜಾಗದಲ್ಲೇ ವೃಷಣ ಚೀಲ ಬೆಳೆಯುವುದು. ಹೆಣ್ಣಾದರೆ ಗುದದ್ವಾರದ ಕೆಳಗೆ, ಹೆಚ್ಚುಕಡಿಮೆ ಅಂಟಿಕೊಂಡ ಹಾಗೆ, ಒಂದು ಸಣ್ಣ ನಿಲುಗೆರೆ. ನಡುವಿನ ಅಂತರ ಗಂಡಿನದರ ಅರ್ಧದಷ್ಟು.

ಒಂದೇ ಮರಿಯನ್ನು ಹಿಡಿದು ಅಳೆಯ ಹೊರಟರೆ ಎಂಥವರೂ ಎಡವುತ್ತಾರೆ. ಯಾವುದಕ್ಕಿಂತ ದೂರ, ಯಾವುದಕ್ಕಿಂತ ಹತ್ತಿರ? ಒಂದೇ ಸೂಲಿನ ಮರಿಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಅಂತರ ತಾನಾಗಿ ಎದ್ದು ಕಾಣುತ್ತದೆ. ಮರಿಗಳೆಲ್ಲ ಒಂದೇ ಲಿಂಗದವಾದರೆ ಆ ದಾರಿಯೂ ಇಲ್ಲ. ಹುಟ್ಟಿದ ದಿನವೇ ನೋಡಬಲ್ಲವರಿದ್ದಾರೆ, ಆಗ ಮೈಮೇಲೆ ಕೂದಲು ಕಡಿಮೆ. ಆದರೆ ಹಸಿ ಮರಿಯನ್ನು ಪದೇ ಪದೇ ಎತ್ತಿದರೆ ಅದಕ್ಕೆ ಚಳಿ ಹಿಡಿಯುತ್ತದೆ, ತಾಯಿಯೂ ಕಳವಳಗೊಂಡು ಜಾಗ ಬದಲಿಸುತ್ತದೆ. ಆರರಿಂದ ಎಂಟು ವಾರ ಕಾಯುವುದು ಲೇಸು. ಆ ಹೊತ್ತಿಗೆ ಗಂಡುಮರಿಯ ಆ ಖಾಲಿ ಜಾಗದಲ್ಲಿ ಬೆರಳಾಡಿಸಿದರೆ ಕಾಳಿನಂಥ ಎರಡು ಗಂಟು ಸಿಗುತ್ತವೆ. ಸಿಕ್ಕರೆ ವಾದ ಮುಗಿಯಿತು. ಸಿಗದಿದ್ದರೆ ಹೆಣ್ಣೇ ಎಂದು ತೀರ್ಮಾನಿಸುವ ಹಾಗಿಲ್ಲ. ಕೆಲವಕ್ಕೆ ವೃಷಣ ಹೊಟ್ಟೆಯೊಳಗೇ ಉಳಿದುಬಿಡುತ್ತದೆ, ಪರ್ಷಿಯನ್ ತಳಿಯಲ್ಲಿ ಇದು ಹೆಚ್ಚು. ಉದ್ದಕೂದಲಿನ ಪರ್ಷಿಯನ್ ಮರಿಗಳನ್ನು ದುಡ್ಡು ಕೊಟ್ಟು ತರುವವರು ಈಗ ಈ ಊರಿನಲ್ಲೂ ಕಡಿಮೆಯಿಲ್ಲ, ಲಿಂಗ ತಪ್ಪಾಗಿ ಹೇಳಿಸಿಕೊಂಡು ಬರುವವರಲ್ಲಿ ಅವರ ಪಾಲೂ ದೊಡ್ಡದು. ಅಷ್ಟು ಕೂದಲಿನ ಅಡಿಯಲ್ಲಿ ಚುಕ್ಕಿ ಯಾವುದು, ಗೆರೆ ಯಾವುದು?

ಬೆಳೆದ ಬೀದಿ ಬೆಕ್ಕೊಂದು ಮನೆ ಸೇರಿದಾಗ ಬೇರೆ ತೊಡಕು. ದೊಡ್ಡ ತಲೆ, ಉಬ್ಬಿದ ಕೆನ್ನೆ, ನೋಡಿದರೆ ಗಂಡೇ, ಆದರೆ ಬೀಜ ಕಾಣುವುದಿಲ್ಲ. ಯಾರೋ ಆಪರೇಷನ್ ಮಾಡಿಸಿ ಬಿಟ್ಟದ್ದೋ, ಒಳಗೆ ಉಳಿದದ್ದೋ? ವೈದ್ಯರು ಇದಕ್ಕೊಂದು ಸಾಕ್ಷಿ ಹುಡುಕುತ್ತಾರೆ. ಗಂಡುಬೆಕ್ಕಿನ ಅಂಗದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಅವನ್ನು ಬೆಳೆಸುವುದು ಟೆಸ್ಟೋಸ್ಟೆರಾನ್. ವೃಷಣ ತೆಗೆದ ಕೆಲವೇ ವಾರಗಳಲ್ಲಿ ಅವು ಕರಗಿಹೋಗುತ್ತವೆ. ಮುಳ್ಳು ಇನ್ನೂ ಇದ್ದರೆ ಒಳಗೆಲ್ಲೋ ಬೀಜ ಕೆಲಸ ಮಾಡುತ್ತಿದೆ ಎಂದರ್ಥ.

ಬಣ್ಣ ಹೇಳುವ ಜಾತಕ

ಬಾಲವೆತ್ತದೆ ಲಿಂಗ ಹೇಳುವ ಇನ್ನೊಂದು ದಾರಿ ಬಣ್ಣ. ಮಂಡಿ ಮೊಹಲ್ಲಾದ ಮೀನಿನ ಅಂಗಡಿಗಳ ಸುತ್ತಲೋ ಸಂತೆಪೇಟೆಯ ಅಕ್ಕಿ ಮಂಡಿಗಳ ಹತ್ತಿರವೋ ಅರ್ಧ ಗಂಟೆ ನಿಂತರೆ ಬೆಕ್ಕಿನ ಎಲ್ಲ ಬಣ್ಣಗಳ ದರ್ಶನವಾಗುತ್ತದೆ. ಬಿಳಿ, ಕಪ್ಪು, ಕೆಂಚು ಮೂರೂ ಮೈಮೇಲೆ ತೇಪೆಯಾಗಿರುವ ಬೆಕ್ಕು ಕಂಡರೆ ಹತ್ತಿರ ಹೋಗಬೇಕಾಗಿಯೇ ಇಲ್ಲ, ಅದು ಹೆಣ್ಣು. ಮೂರು ಬಣ್ಣದ ಗಂಡು ಸಾವಿರಾರಕ್ಕೊಂದು. ಅದೂ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚುವರಿಯಾಗಿ ಪಡೆದು ಹುಟ್ಟಿದ್ದು, ಸಾಮಾನ್ಯವಾಗಿ ಸಂತಾನಶಕ್ತಿಯಿಲ್ಲದ್ದು.

ಕಾರಣ ಇಷ್ಟು. ಕೂದಲನ್ನು ಕೆಂಚಾಗಿಸುವ ಗುಣ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಿಗೆ ಎಕ್ಸ್ ಒಂದೇ, ಹಾಗಾಗಿ ಕೆಂಚೋ ಕಪ್ಪೋ ಯಾವುದಾದರೂ ಒಂದು. ಹೆಣ್ಣಿಗೆ ಎರಡು. ಒಂದರಲ್ಲಿ ಕೆಂಚು, ಇನ್ನೊಂದರಲ್ಲಿ ಕಪ್ಪು ಇದ್ದರೆ, ಭ್ರೂಣ ಬೆಳೆಯುವಾಗ ಒಂದೊಂದು ಜೀವಕೋಶ ಎರಡರಲ್ಲಿ ಒಂದನ್ನು ಮುಚ್ಚಿಹಾಕುತ್ತದೆ. ಮುಚ್ಚಿದ್ದು ಯಾವುದು ಎಂಬುದರ ಮೇಲೆ ಆ ಜಾಗದ ಬಣ್ಣ. ಇಂಗ್ಲೆಂಡಿನ ತಳಿವಿಜ್ಞಾನಿ ಮೇರಿ ಲಿಯಾನ್ 1961ರಲ್ಲಿ ಇಲಿಗಳನ್ನು ಇಟ್ಟುಕೊಂಡು ಈ ತತ್ವವನ್ನು ಹೇಳಿದರು. ಬೆಕ್ಕಿನ ಮೈಮೇಲೆ ಅದು ಬಹಿರಂಗವಾಗಿಯೇ ಬರೆದಿತ್ತು. ಕೆಂಚು ಬಣ್ಣ ತರುವ ಆ ಬದಲಾವಣೆ ನಿಖರವಾಗಿ ಯಾವುದು ಎಂದು ತಿಳಿಯಲು ಮಾತ್ರ 2025 ಆಗಬೇಕಾಯಿತು. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ತಂಡವೂ ಅಮೆರಿಕದ ಸ್ಟ್ಯಾನ್‌ಫರ್ಡ್ ತಂಡವೂ ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದು ಮುಟ್ಟಿದವು: ಎಕ್ಸ್ ಕ್ರೋಮೋಸೋಮಿನಲ್ಲಿ ಸುಮಾರು 5,000 ಅಕ್ಷರಗಳಷ್ಟು ಡಿಎನ್‌ಎ ಕಳೆದುಹೋಗಿರುತ್ತದೆ, ಅಷ್ಟೇ.

‘ಕೆಂಚು ಬೆಕ್ಕೆಲ್ಲ ಗಂಡು’ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಊರಿನ ಗಂಡುಬೆಕ್ಕುಗಳಲ್ಲಿ ನಾಲ್ಕಕ್ಕೊಂದು ಕೆಂಚು ಎಂದಿಟ್ಟುಕೊಳ್ಳೋಣ. ಹೆಣ್ಣು ಪೂರ್ತಿ ಕೆಂಚಾಗಬೇಕಾದರೆ ಎರಡೂ ಎಕ್ಸ್‌ನಲ್ಲಿ ಆ ಗುಣ ಬರಬೇಕು, ಅಂದರೆ ಹದಿನಾರಕ್ಕೊಂದು. ಹಾಗಾಗಿ ಕೆಂಚು ಬೆಕ್ಕು ಐದಿದ್ದರೆ ನಾಲ್ಕು ಗಂಡು, ಒಂದು ಹೆಣ್ಣು. ಆ ಐದನೆಯದೇ ಎಷ್ಟೋ ಮನೆಯ ‘ರಾಜ’.

ಏಳು ಮನೆ ಮತ್ತು ಹತ್ತು ರೂಪಾಯಿ

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಏಳೇ ಎಂದು ಎಣಿಸಿದವರಿಲ್ಲ, ತಿರುಗಿಸುವುದು ಮಾತ್ರ ನಿಜ. ಮರಿ ಇದ್ದ ಜಾಗದಲ್ಲಿ ವಾಸನೆ ಸೇರುತ್ತದೆ, ಹೊರಗಿನ ಗಂಡುಬೆಕ್ಕು ಬಂದು ಮರಿಗಳನ್ನು ಕೊಲ್ಲುವುದೂ ಉಂಟು. ಆದರೆ ಮೈಸೂರಿನ ಹೆಣ್ಣುಮರಿಗಳನ್ನು ಮನೆ ತಿರುಗಿಸುವುದು ತಾಯಿ ಮಾತ್ರವಲ್ಲ. ಗಂಡುಮರಿಗಳು ಒಂದೊಂದಾಗಿ ಹಂಚಿಹೋಗುತ್ತವೆ. ಉಳಿದವು ಒಂದು ಸಂಜೆ ಕೈಚೀಲದಲ್ಲಿ ಕುಳಿತು ಮಾರ್ಕೆಟ್ಟಿನ ಹಿಂಬದಿಗೋ, ಹೋಟೆಲಿನ ಹಿತ್ತಲಿಗೋ, ದೇವಸ್ಥಾನದ ಕಟ್ಟೆಗೋ ಹೋಗುತ್ತವೆ. ‘ಅಲ್ಲಿ ಊಟಕ್ಕೇನೂ ಕಮ್ಮಿಯಿಲ್ಲ’ ಎಂಬ ಸಮಾಧಾನದೊಂದಿಗೆ. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕು ಎಂದು ಹೆದರುವ ಜನವೇ ಇದನ್ನು ಮಾಡುವುದು. ಬಿಟ್ಟುಬಂದರೆ ಕೊಂದಂತಲ್ಲವಲ್ಲ.

ಹಾಗೆ ಬಿಟ್ಟ ಮರಿಗಳ ಗತಿ ಏನು? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಯಜಮಾನರಿಲ್ಲದ ಬೆಕ್ಕುಗಳ ಬೆನ್ನುಹತ್ತಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಲೆಕ್ಕಕ್ಕೆ ಸಿಕ್ಕ 169 ಮರಿಗಳಲ್ಲಿ 127 ಆರು ತಿಂಗಳು ತುಂಬುವ ಮೊದಲೇ ಸತ್ತವು ಇಲ್ಲವೇ ಕಾಣೆಯಾದವು. ಅವು ತಾಯಿಯ ಜೊತೆಯೇ ಇದ್ದ ಮರಿಗಳು. ಚೀಲದಲ್ಲಿ ಹೋದವುಗಳ ಬಗ್ಗೆ ಊಹಿಸಿಕೊಳ್ಳಬಹುದು. (‘ಒಂದು ಜೊತೆ ಬೆಕ್ಕು ಏಳು ವರ್ಷದಲ್ಲಿ ನಾಲ್ಕು ಲಕ್ಷವಾಗುತ್ತದೆ’ ಎಂಬ ಪೋಸ್ಟರುಗಳು ಓಡಾಡುತ್ತಿರುತ್ತವೆ. ಅದು ಹುಟ್ಟಿದ್ದೆಲ್ಲ ಬದುಕುತ್ತದೆ ಎಂಬ ಲೆಕ್ಕ. ಒಳ್ಳೆಯ ಕೆಲಸಕ್ಕೆ ಸುಳ್ಳು ಅಂಕಿ ಏಕೆ ಬೇಕೋ ತಿಳಿಯದು.)

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಕಾಯ್ದೆ ಬರೆದಿಟ್ಟಿರುವ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ ಐವತ್ತು ರೂಪಾಯಿವರೆಗೆ. ಆ ದುಡ್ಡಿಗೆ ಈಗ ಒಂದು ಮಸಾಲೆ ದೋಸೆ ಬರುವುದೂ ಕಷ್ಟ.

ಋತುವಿಲ್ಲದ ಊರು

ಬೆಕ್ಕು ಬೆದೆಗೆ ಬರುವುದು ಹಗಲಿನ ಉದ್ದವನ್ನು ನೋಡಿಕೊಂಡು. ಲಂಡನ್ನಿನಲ್ಲಿ ಬೇಸಗೆಯ ಅತಿ ಉದ್ದದ ಹಗಲಿಗೂ ಚಳಿಗಾಲದ ಅತಿ ಗಿಡ್ಡ ಹಗಲಿಗೂ ಒಂಬತ್ತು ಗಂಟೆಯಷ್ಟು ಅಂತರ. ಆದ್ದರಿಂದ ಅಲ್ಲಿನ ಬೆಕ್ಕಿಗೆ ಚಳಿಗಾಲವೆಂದರೆ ಬಿಡುವು. ಇಂಗ್ಲಿಷ್ ಪುಸ್ತಕಗಳು ‘ವಸಂತದಿಂದ ಶರತ್ತಿನವರೆಗೆ’ ಎಂದು ಬರೆಯುವುದು ಆ ಬೆಕ್ಕಿನ ಬಗ್ಗೆ. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಲ್ಲಿ ಆ ಅಂತರ ಒಂದೂವರೆ ಗಂಟೆ. ಅದರ ಮೇಲೆ ಮನೆಯ ಟ್ಯೂಬ್‌ಲೈಟ್ ರಾತ್ರಿ ಹತ್ತರ ತನಕ ಉರಿಯುತ್ತದೆ. ನಮ್ಮ ಬೆಕ್ಕಿಗೆ ಬಿಡುವಿನ ಋತುವೇ ಇಲ್ಲ ಎಂದರೂ ನಡೆಯುತ್ತದೆ.

ಹೆಣ್ಣುಮರಿ ನಾಲ್ಕೈದು ತಿಂಗಳಿಗೇ, ಎರಡು ಎರಡೂವರೆ ಕಿಲೋ ತೂಗುವ ಹೊತ್ತಿಗೆ, ಮೊದಲ ಸಲ ಬೆದೆಗೆ ಬರಬಹುದು. ನೆಲದ ಮೇಲೆ ಹೊರಳುತ್ತದೆ, ಹಿಂಭಾಗ ಎತ್ತಿ ಕಾಲು ತುಳಿಯುತ್ತದೆ, ರಾತ್ರಿಯೆಲ್ಲ ಕೂಗುತ್ತದೆ. ಹೊಟ್ಟೆನೋವೇನೋ ಎಂದು ಆಟೋ ಹಿಡಿದು ಆಸ್ಪತ್ರೆಗೆ ಓಡುವವರಿದ್ದಾರೆ. ಮುಟ್ಟಿನಂಥ ರಕ್ತಸ್ರಾವ ಬೆಕ್ಕಿಗೆ ಕಾಣುವುದಿಲ್ಲ, ಆದ್ದರಿಂದ ‘ಇನ್ನೂ ದೊಡ್ಡದಾಗಿಲ್ಲ’ ಎಂಬ ಭ್ರಮೆ ಉಳಿಯುತ್ತದೆ. ಒಂದು ವಾರದಷ್ಟು ಇದ್ದು ನಿಲ್ಲುವ ಬೆದೆ, ಗಬ್ಬವಾಗದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಬರುತ್ತದೆ. ಗಂಡು ಸೇರಿದ ಮೇಲೆಯೇ ಅಂಡ ಬಿಡುಗಡೆಯಾಗುವ ವ್ಯವಸ್ಥೆ ಬೆಕ್ಕಿನದು, ಹಾಗಾಗಿ ಗುರಿ ತಪ್ಪುವುದು ಅಪರೂಪ. ಒಂದೇ ಸೂಲಿನ ಮರಿಗಳಿಗೆ ಅಪ್ಪಂದಿರು ಇಬ್ಬರು ಮೂವರು ಇರುವುದೂ ಉಂಟು. ಒಂಬತ್ತು ವಾರಕ್ಕೆ ಮರಿ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಲ್ಲದು.

ಈ ಲೆಕ್ಕದಲ್ಲಿ ಅಣ್ಣ ತಂಗಿ ಎಂಬ ಭೇದವಿಲ್ಲ. ಎರಡೂ ಹೆಣ್ಣೆಂದು ತಂದ ಜೋಡಿಯಲ್ಲಿ ಒಂದು ಗಂಡಾಗಿದ್ದರೆ ಆರೇಳು ತಿಂಗಳಿಗೆ ಮನೆಯಲ್ಲಿ ಬಾಣಂತಿ ಇರುತ್ತಾಳೆ. ಬಸಿರು ಗೊತ್ತಾಗಲಿಲ್ಲವೇ ಎಂದು ನಗುವವರಿಗೆ ಅರಮನೆಯ ಕತೆ ನೆನಪಿಸಬಹುದು. 2022ರ ಸೆಪ್ಟೆಂಬರ್ 13ರ ರಾತ್ರಿ, ದಸರೆಗೆಂದು ಬಂದಿದ್ದ ಲಕ್ಷ್ಮಿ ಎಂಬ ಆನೆ ಅರಮನೆಯ ಆವರಣದಲ್ಲೇ ಗಂಡುಮರಿ ಹಾಕಿತು, ಊರಿಗೆಲ್ಲ ಅನಿರೀಕ್ಷಿತ ಸುದ್ದಿ. ಮರಿಗೆ ಶ್ರೀ ದತ್ತಾತ್ರೇಯ ಎಂದು ಹೆಸರಾಯಿತು. ಅದಾದ ಮೇಲೆ ದಸರೆಗೆ ಹೆಣ್ಣಾನೆಗಳನ್ನು ಆರಿಸುವಾಗ ಗರ್ಭ ಪರೀಕ್ಷೆಯ ಮಾತು ಬರತೊಡಗಿತು. ಇಪ್ಪತ್ತೆರಡು ತಿಂಗಳ ಆನೆಯ ಬಸಿರೇ ಹೀಗೆ, ಒಂಬತ್ತು ವಾರದ ಬೆಕ್ಕಿನದು ಯಾವ ಲೆಕ್ಕ.

‘ಒಂದು ಸಲ ಮರಿ ಹಾಕಲಿ’

ಆಪರೇಷನ್ ಯಾವಾಗ ಮಾಡಿಸಬೇಕು ಎಂಬುದಕ್ಕೆ ಊರಿನಲ್ಲಿ ಚಾಲ್ತಿಯಲ್ಲಿರುವ ಉತ್ತರ ‘ಒಂದು ಸಲ ಮರಿ ಹಾಕಲಿ, ಆಮೇಲೆ’. ತಾಯ್ತನ ತಪ್ಪಿಸಿದ ಪಾಪ ನಮಗೇಕೆ ಎಂಬ ಮರುಕ ಅದರ ಹಿಂದಿದೆ. ಆ ಮರುಕವನ್ನು ಹೀಗಳೆಯುವ ಮನಸ್ಸಾಗುವುದಿಲ್ಲ. ಆದರೆ ಒಂದು ಸೂಲಿನಿಂದ ಬೆಕ್ಕಿಗೆ ಯಾವ ಲಾಭವೂ ಇಲ್ಲ, ನಷ್ಟ ಮಾತ್ರ ಸ್ಪಷ್ಟ. ಬೆಕ್ಕಿನ ಮೊಲೆಗೆಡ್ಡೆಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಕ್ಯಾನ್ಸರೇ ಆಗಿರುತ್ತವೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ ಆರು ತಿಂಗಳೊಳಗೆ ಗರ್ಭಕೋಶ, ಅಂಡಾಶಯ ತೆಗೆದ ಬೆಕ್ಕುಗಳಲ್ಲಿ ಈ ಕ್ಯಾನ್ಸರಿನ ಅಪಾಯ ಶೇ 91ರಷ್ಟು ಕಡಿಮೆ, ಒಂದು ವರ್ಷದೊಳಗಾದರೆ ಶೇ 86. ಎರಡನೇ ವರ್ಷದಲ್ಲಿ ಮಾಡಿಸಿದರೆ ಆ ಲಾಭ ಶೇ 11ಕ್ಕೆ ಇಳಿಯುತ್ತದೆ. ‘ಒಂದು ಸಲ’ ಮುಗಿಯುವ ಹೊತ್ತಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ.

ಪಶುವೈದ್ಯರಲ್ಲೂ ಬಹುಕಾಲ ‘ಆರು ತಿಂಗಳಾಗಲಿ’ ಎಂಬುದೇ ರೂಢಿ. ಎಷ್ಟೋ ಕಡೆ ಈಗಲೂ ಅದೇ. ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಲ್ಲದು ಎಂದಾದ ಮೇಲೆ ಆರು ತಿಂಗಳೆಂಬ ಅಂಕಿಗೆ ಗಟ್ಟಿ ಆಧಾರವಿಲ್ಲ. ಅಮೆರಿಕದಲ್ಲಿ 2016ರಲ್ಲಿ ಸೇರಿದ ತಜ್ಞರ ತಂಡವೊಂದು ಐದು ತಿಂಗಳು ತುಂಬುವುದರೊಳಗೆ ಮುಗಿಸಿ ಎಂದಿತು, ಮರುವರ್ಷ ಅಲ್ಲಿನ ಪಶುವೈದ್ಯಕೀಯ ಸಂಘವೂ ಅದನ್ನು ಅನುಮೋದಿಸಿತು. ಒಂದು ಕಿಲೋ ತೂಗುವ, ಎರಡು ತಿಂಗಳು ದಾಟಿದ ಮರಿಗೂ ಶಸ್ತ್ರಚಿಕಿತ್ಸೆ ಸಾಧ್ಯ, ಆಶ್ರಯಧಾಮಗಳಲ್ಲಿ ಅದು ನಡೆಯುತ್ತಲೇ ಇದೆ. ಮೈಸೂರಿನ ಮನೆಬೆಕ್ಕಿಗೆ ನನಗೆ ಒಪ್ಪಿಗೆಯಾಗುವ ಕಾಲ ನಾಲ್ಕು ತಿಂಗಳ ಆಸುಪಾಸು. ಅಷ್ಟರಲ್ಲಿ ಲಸಿಕೆಗಳು ಮುಗಿದಿರುತ್ತವೆ: ಆರೆಂಟು ವಾರಕ್ಕೆ ಶುರುವಾಗುವ ಮೂರು ರೋಗದ ಲಸಿಕೆ ಮತ್ತು ಅದರ ಬೂಸ್ಟರ್, ಮೂರು ತಿಂಗಳಿಗೆ ರೇಬೀಸ್. ಲಸಿಕೆಯಿಲ್ಲದ ಮರಿಯನ್ನು ಆಸ್ಪತ್ರೆಯಲ್ಲಿ ಕೂರಿಸಿ ಅಲ್ಲಿಂದ ಪ್ಯಾನ್‌ಲ್ಯುಕೋಪೀನಿಯಾ ಎಂಬ ಸೋಂಕು ರೋಗ ಹೊತ್ತು ತರುವುದು ಜಾಣತನವಲ್ಲ. ನಿಮ್ಮ ವೈದ್ಯರು ಅಷ್ಟು ಎಳೆಯ ಮರಿಗೆ ಅರಿವಳಿಕೆ ಕೊಟ್ಟು ರೂಢಿಯಿರುವವರೇ ಎಂದು ಕೇಳಿ. ಇಲ್ಲವೆಂದರೆ ಇನ್ನೊಂದು ತಿಂಗಳು ಕಾದು, ಆ ತಿಂಗಳು ಬಾಗಿಲು ಕಿಟಕಿ ಭದ್ರ ಮಾಡಿಕೊಳ್ಳುವುದು ಮೇಲು.

ಆಪರೇಷನ್ ಬೇಡವೆಂದು ಬೆದೆ ತಡೆಯುವ ಹಾರ್ಮೋನಿನ ಮಾತ್ರೆ, ಇಂಜೆಕ್ಷನ್ ಹುಡುಕುವವರೂ ಇದ್ದಾರೆ. ಪದೇ ಪದೇ ಕೊಟ್ಟರೆ ಮೊಲೆ ಊದಿಕೊಳ್ಳುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುತ್ತದೆ. ಕೊನೆಗೆ ಅದೇ ಆಪರೇಷನ್, ಕಾಯಿಲೆ ಬಿದ್ದ ಮೈಗೆ.

ಗಂಡಿನ ವಿಷಯದಲ್ಲಿ ಜನಕ್ಕೆ ಆತುರವಿಲ್ಲ, ಮರಿ ಹಾಕುವುದು ಅದಲ್ಲವಲ್ಲ. ಹಳ್ಳಿಯಲ್ಲಿ ಹೋರಿಗೆ ಬೀಜ ಒಡೆಸಿ ಎತ್ತು ಮಾಡಿದ್ದನ್ನು ಕಂಡು ಬೆಳೆದವರೂ ಬೆಕ್ಕಿಗೆ ಎಂದರೆ ‘ಅಯ್ಯೋ ಪಾಪ’ ಎನ್ನುತ್ತಾರೆ. ಆದರೆ ಒಂದು ಮೊಹಲ್ಲಾಕ್ಕೆ ಒಂದೇ ಗಂಡು ಸಾಕು. ರಾತ್ರಿ ಹೆಂಚಿನ ಮೇಲೆ ನಡೆಯುವ ಯುದ್ಧ, ಕಿವಿ ಹರಿದುಕೊಂಡು ಕೀವು ತುಂಬಿ ಬರುವ ಗಾಯ, ದಿನಗಟ್ಟಲೆ ನಾಪತ್ತೆ, ರಸ್ತೆಯಲ್ಲಿ ಅಪಘಾತ ಎಲ್ಲವೂ ಆ ಹುಡುಕಾಟದ ಫಲ. ಆಪರೇಷನ್ ಆದ ಗಂಡುಗಳಲ್ಲಿ ಉಚ್ಚೆ ಚಿಮ್ಮಿಸುವ ಚಟ ಉಳಿಯುವುದು ನೂರಕ್ಕೆ ಹತ್ತರಲ್ಲಿ. ಚಟ ಅಂಟುವ ಮೊದಲೇ ಮಾಡಿಸುವುದು ಬುದ್ಧಿವಂತಿಕೆ.

ಲೆಕ್ಕಕ್ಕೆ ಸೇರದ ಪ್ರಾಣಿ

ಸಂತಾನ ನಿಯಂತ್ರಣ ಎಂಬುದು ಈ ಊರಿಗೆ ಹೊಸತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ಮಂಜೂರು ಮಾಡಿತು. ಸರ್ಕಾರವೊಂದು ತಾನೇ ಮುಂದೆ ಬಂದು ಅಂಥದ್ದನ್ನು ತೆರೆದದ್ದು ಪ್ರಪಂಚದಲ್ಲೇ ಮೊದಲು ಎನ್ನುತ್ತಾರೆ. ಮನುಷ್ಯರ ವಿಷಯದಲ್ಲಿ ಅಷ್ಟು ಮುಂಚೆ ಎಚ್ಚೆತ್ತ ಊರಿನಲ್ಲಿ ಬೆಕ್ಕು ಮಾತ್ರ ಯಾರ ಕಡತದಲ್ಲೂ ಇಲ್ಲ. ಐದು ವರ್ಷಕ್ಕೊಮ್ಮೆ ಎಂದು ನಡೆಯುವ ಜಾನುವಾರು ಗಣತಿ ದನ, ಎಮ್ಮೆ, ಕುರಿ, ಕೋಳಿಯ ಜೊತೆ ನಾಯಿ, ಮೊಲ, ಆನೆಯನ್ನೂ ಎಣಿಸುತ್ತದೆ, ಬೆಕ್ಕನ್ನು ಎಣಿಸುವುದಿಲ್ಲ. ಪ್ರಾಣಿ ಸಂತಾನ ನಿಯಂತ್ರಣದ 2001ರ ನಿಯಮಗಳ ಹೆಸರಿನಲ್ಲೇ ನಾಯಿ ಇತ್ತು. 2023ರ ಮಾರ್ಚಿನಲ್ಲಿ ಬಂದ ಹೊಸ ನಿಯಮಗಳ ಹೆಸರಿನಿಂದ ಆ ಪದ ಹೋಗಿದೆ, ಆದರೂ ನಗರಪಾಲಿಕೆಗಳ ಚಿಂತೆ, ಟೆಂಡರು, ವಾಹನ ಎಲ್ಲವೂ ಬೀದಿನಾಯಿಯದೇ. ಬೆಕ್ಕು ಕಚ್ಚಿದರೂ ರೇಬೀಸ್ ಬರುತ್ತದೆ ಎಂಬುದು ಗೊತ್ತಿದ್ದೂ ಹೀಗೆ.

ಆದ್ದರಿಂದ ಖರ್ಚು ಹೊರುವವರು ಮನೆಯವರೇ, ಇಲ್ಲವೇ ಓಣಿಯ ಬೆಕ್ಕುಗಳಿಗೆ ದಿನಾ ಅನ್ನ ಮೀನು ಹಾಕುವ ಯಾರೋ ಒಬ್ಬರು. ಬೀದಿ ಬೆಕ್ಕನ್ನು ನಾಯಿಯಂತೆ ಬಲೆ ಬೀಸಿ ಹಿಡಿಯಲಾಗದು. ಬೋನಿಟ್ಟು, ಒಳಗೆ ಮೀನಿನ ತುಂಡಿಟ್ಟು ಕಾಯಬೇಕು. ಆಪರೇಷನ್ ಆದದ್ದರ ಕಿವಿಯ ತುದಿಯನ್ನು ಅರಿವಳಿಕೆಯಲ್ಲೇ ಒಂದಿಷ್ಟು ಕತ್ತರಿಸಿ ಬಿಡುತ್ತಾರೆ, ಅದೇ ಬೆಕ್ಕನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯದಿರಲಿ ಎಂದು. ಒಂದು ಕಿವಿಯ ಮೊನೆ ನೇರವಾಗಿ ಕತ್ತರಿಸಿಹೋದ ಬೆಕ್ಕು ಕಂಡರೆ ಜಗಳದ ಗಾಯವೆಂದು ಮರುಗಬೇಕಿಲ್ಲ.

ಮನೆಯಿಂದ ಒಯ್ಯುವವರಿಗೆ ಒಂದೆರಡು ಮಾತು. ದೊಡ್ಡ ಬೆಕ್ಕಿಗೆ ಹೇಳುವ ಹಾಗೆ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಬೇಡಿ. ಎಳೆಯದಕ್ಕೆ ಮೂರು ನಾಲ್ಕು ಗಂಟೆ ಸಾಕು, ಹೆಚ್ಚಾದರೆ ರಕ್ತದ ಸಕ್ಕರೆ ಇಳಿಯುತ್ತದೆ. ನಿಖರ ಸಮಯ ವೈದ್ಯರನ್ನೇ ಕೇಳಿ. ಸಾಗಿಸಲು ತರಕಾರಿ ಚೀಲ ಬೇಡ, ಮುಚ್ಚಳ ಭದ್ರವಾಗಿರುವ ಬುಟ್ಟಿ ಬೇಕು. ಹೆಣ್ಣಿಗೆ ಹೊಟ್ಟೆಯ ನಡುವೆಯೋ ಪಕ್ಕೆಯಲ್ಲೋ ಹೊಲಿಗೆ, ಹತ್ತು ದಿನ ಅದನ್ನು ನೆಕ್ಕದಂತೆ ಕೊರಳಿಗೆ ಕಾಲರ್. ಗಂಡಿಗೆ ಬಹುತೇಕ ಹೊಲಿಗೆಯೇ ಇರುವುದಿಲ್ಲ, ಸಂಜೆಗೆ ಮನೆ ತುಂಬ ಓಡಾಡುತ್ತದೆ. ಆಮೇಲೆ ಇಬ್ಬರಿಗೂ ಊಟದ ಆಸೆ ಹೆಚ್ಚುತ್ತದೆ, ಮೈಗೆ ಬೇಕಾದ ಶಕ್ತಿ ಮಾತ್ರ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಹಾಲನ್ನ, ಬಿಸ್ಕೆಟ್ಟಿನ ಧಾರಾಳತನಕ್ಕೆ ಅಲ್ಲಿಂದ ಕಡಿವಾಣ ಹಾಕಬೇಕು.

ಗಂಡಿಗೆ ಆಗಿದೆ, ಇನ್ನೇನು ಎಂದು ಅಂದೇ ತಂಗಿಯ ಜೊತೆ ಬಿಡುವುದೂ ತಪ್ಪು. ವೃಷಣ ಹೋದ ಮೇಲೂ ನಾಳದಲ್ಲಿ ಉಳಿದ ವೀರ್ಯಾಣು ಕೆಲವು ವಾರ ಜೀವಂತವಾಗಿರಬಲ್ಲದು. ಹೆಣ್ಣಿಗೆ ಇನ್ನೂ ಆಗಿಲ್ಲವಾದರೆ ಒಂದೆರಡು ತಿಂಗಳು ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಅದಕ್ಕಿಂತ ಸುಲಭದ್ದು, ಇಬ್ಬರನ್ನೂ ಒಂದೇ ದಿನ ಒಯ್ಯುವುದು.